ಗಳಿಕೆಯ ಗುರಿ ಏನು?
ಇವ್ರೇಯಾ ನಗರದ ಮೇಯರ್ ಆದ ಉದ್ಯಮಿ ಆದ್ರಿಯಾನೊ ಒಲಿವೆಟ್ಟಿಯವರ ಜೀವನ

(ದೇವಾಲಯದ ಶತಮಾನೋತ್ಸವದ ಅಂಗವಾಗಿ ಜರುಗಿದ ಶ್ರೀಸಾಮಾನ್ಯರ ಸಮಾವೇಶದಲ್ಲಿ ವಿಚಾರಣಾ ಗುರುಗಳು ನೀಡಿದ ಉಪನ್ಯಾಸ)



ನೂರು ವರ್ಷಗಳ ಕಾಲ ಈ ದೇವಾಲಯವನ್ನು ತನ್ನ ಕೃಪೆಯ ನೆರಳಿನಲ್ಲಿ ಕಾಪಾಡಿಕೊಂಡು ಬಂದ ದಯಾಮಯನಾದ ದೇವರಿಗೆ ಮೊದಲು ವಂದನೆಗಳನ್ನು ಅರ್ಪಿಸೋಣ. ಈ ಉತ್ಸವದ ದಿನಗಳಲ್ಲಿ ಗುರುಗಳ ತ್ಯಾಗವನ್ನೂ, ಕನ್ಯಾಸ್ತ್ರೀಯರ ಸೇವೆಯನ್ನೂ ಕುರಿತು ಅನೇಕ ಮಹನೀಯರು ಮಾತನಾಡಿದ್ದಾರೆ. ಇಂದಿನ ಸಂಜೆ ನಾವು ಶ್ರೀಸಾಮಾನ್ಯರನ್ನು ಕುರಿತು, ಅವರಲ್ಲಿಯೂ ವಿಶೇಷವಾಗಿ ಅಂಗಡಿ, ಕಾರ್ಖಾನೆ, ವ್ಯಾಪಾರಗಳಲ್ಲಿ ತೊಡಗಿದವರನ್ನು ಕುರಿತು ಮಾತನಾಡಬಯಸುತ್ತೇವೆ. ಪೀಠದ ಮೇಲೆ ನಿಂತು ನೋಡಿದಾಗ ನಮ್ಮ ಕಣ್ಣಿಗೆ ಬೀಳುವವರಲ್ಲಿ ಬಹುಮಂದಿ ಇಂಥವರೇ ಅಲ್ಲವೇ?

ಇವರಲ್ಲಿ ಕೆಲವರು ನಮ್ಮನ್ನು ಆಗಾಗ ಒಂದು ಪ್ರಶ್ನೆ ಕೇಳುವುದುಂಟು. "ಸ್ವಾಮಿ, ಲೆಕ್ಕದ ಪುಸ್ತಕ, ಶುಭಸಂದೇಶದ ಪುಸ್ತಕ ಇವೆರಡನ್ನೂ ಒಂದೇ ಮೇಜಿನ ಮೇಲೆ ಇಡಲು ಸಾಧ್ಯವೇ?" ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ. "ಪುರಸಭೆ, ಚುನಾವಣೆ, ರಾಜಕೀಯ ಇವೆಲ್ಲ ಕೆಸರು. ದೇವರಿಗೆ ಅಂಜುವವನು ಅದರಲ್ಲಿ ಕಾಲಿಡಬಹುದೇ?" ಇವು ಹಗುರವಾದ ಪ್ರಶ್ನೆಗಳಲ್ಲ. ಸಿರಿವಂತನು ಸ್ವರ್ಗರಾಜ್ಯವನ್ನು ಸೇರುವುದು ಎಷ್ಟು ಕಷ್ಟವೆಂದು ಯೇಸುಸ್ವಾಮಿಯೇ ಹೇಳಿದ್ದಾರೆ. ತಲೆಂತುಗಳ ಸಾಮತಿಯಲ್ಲಿ, ಕೊಟ್ಟ ಹಣವನ್ನು ನೆಲದಲ್ಲಿ ಹೂತಿಟ್ಟ ಸೇವಕನನ್ನು ಗದರಿಸಿದವರೂ ಅವರೇ. ಈ ಎರಡು ಬೋಧನೆಗಳ ನಡುವೆ ಉದ್ಯಮಿಯು ಹೇಗೆ ಬಾಳಬೇಕು ಎಂಬುದನ್ನು ತತ್ವವಾಗಿ ವಿವರಿಸುವುದಕ್ಕಿಂತ, ಬಾಳಿ ತೋರಿಸಲು ಯತ್ನಿಸಿದ ಒಬ್ಬರ ಜೀವನವನ್ನು ತಮ್ಮ ಮುಂದೆ ಇಡುವುದು ಮೇಲೆಂದು ನಮಗೆ ತೋರಿತು. ಅವರೇ ಇಟಲಿ ದೇಶದ ಆದ್ರಿಯಾನೊ ಒಲಿವೆಟ್ಟಿ. ಒಲಿವೆಟ್ಟಿ ಎಂಬ ಹೆಸರನ್ನು ತಮ್ಮಲ್ಲಿ ಹಿರಿಯರಾದವರು ಬೆರಳಚ್ಚು ಯಂತ್ರದ ಮೇಲೆ ಓದಿರಬಹುದು. ಅವರು ಪೀಠದ ಗೌರವಕ್ಕೆ ಏರಿದ ಸಂತರಲ್ಲ. ಅವರನ್ನು ಅಲ್ಲಿಗೆ ಏರಿಸುವುದು ನಮ್ಮ ಉದ್ದೇಶವೂ ಅಲ್ಲ. ಅವರ ಬಾಳಿನಲ್ಲಿ ಗೆಲುವೂ ಇದೆ, ಸೋಲೂ ಇದೆ. ಎರಡರಿಂದಲೂ ನಾವು ಕಲಿಯತಕ್ಕದ್ದಿದೆ.

ಉತ್ತರ ಇಟಲಿಯ ಪಿಯೆಮೊಂತೆ ಪ್ರಾಂತದಲ್ಲಿ, ತೂರಿನ್ ಮಹಾನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಆಲ್ಪ್ಸ್ ಪರ್ವತಗಳಿಂದ ಇಳಿದು ಬರುವ ದೋರಾ ಬಾಲ್ತೆಯಾ ನದಿಯ ದಡದಲ್ಲಿ ಇವ್ರೇಯಾ ಎಂಬ ಪುಟ್ಟ ನಗರವಿದೆ. ರೋಮನರ ಕಾಲದಿಂದಲೂ ಜನವಸತಿಯಿದ್ದ ಊರು; ಧರ್ಮಾಧ್ಯಕ್ಷರ ಪೀಠವಿರುವ ಪುರಾತನ ಪ್ರಧಾನಾಲಯ ಅಲ್ಲಿದೆ. ಸುತ್ತಲಿನ ಕನವೇಸೆ ಸೀಮೆಯಲ್ಲಿ ಸಣ್ಣ ಹಿಡುವಳಿಯ ರೈತರ ಹಳ್ಳಿಗಳು. ಈ ಊರಿನಲ್ಲಿ ಕಮಿಲ್ಲೊ ಒಲಿವೆಟ್ಟಿ ಎಂಬ ಎಂಜಿನಿಯರರು 1908ರಲ್ಲಿ ಕೆಂಪು ಇಟ್ಟಿಗೆಯ ಕಟ್ಟಡವೊಂದರಲ್ಲಿ ಇಟಲಿಯ ಮೊದಲ ಬೆರಳಚ್ಚು ಯಂತ್ರದ ಕಾರ್ಖಾನೆಯನ್ನು ಆರಂಭಿಸಿದರು. ಅಲ್ಲಿ ತಯಾರಾದ ಮೊದಲ ಯಂತ್ರ 1911ರಲ್ಲಿ ತೂರಿನ್ ನಗರದ ಪ್ರದರ್ಶನದಲ್ಲಿ ಜನರ ಮುಂದೆ ಬಂದಿತು.

ಕಮಿಲ್ಲೊ ಅವರು ಯೆಹೂದ್ಯ ಮನೆತನದವರು. ಅವರ ಪತ್ನಿ ಲೂಯಿಸಾ ರೆವೆಲ್ ಅವರು ವಾಲ್ದೆನ್ಸಿಯನ್ ಎಂಬ ಪ್ರೊಟೆಸ್ಟೆಂಟ್ ಪಂಥದ ಸಭಾಪಾಲಕರ ಮಗಳು. ಇವರ ಮಗನಾಗಿ ಆದ್ರಿಯಾನೊ ಅವರು 1901ರ ಏಪ್ರಿಲ್ 11ರಂದು ಇವ್ರೇಯಾದಲ್ಲಿ ಜನಿಸಿದರು. ಇದಕ್ಕೆ ಐದೇ ದಿನಗಳ ಮುನ್ನ, ಏಪ್ರಿಲ್ 6ರಂದು, ತೂರಿನ್ ನಗರದಲ್ಲಿ ಇನ್ನೊಂದು ಸಿರಿವಂತರ ಮನೆಯಲ್ಲಿ ಜನಿಸಿದ ಮಗುವೇ ಪಿಯೆರ್ ಜಾರ್ಜಿಯೊ ಫ್ರಸ್ಸಾತಿ. 2025ರ ಸೆಪ್ಟೆಂಬರ್ 7ರಂದು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಸಂತಪದವಿಗೆ ಏರಿಸಿದ ಯುವಕ ಇವರೇ ಎಂಬುದು ತಮಗೆಲ್ಲ ತಿಳಿದಿದೆ. ಇಬ್ಬರೂ ತೂರಿನ್ ನಗರದ ಪಾಲಿಟೆಕ್ನಿಕ್ ಎಂಬ ಒಂದೇ ವಿದ್ಯಾಸಂಸ್ಥೆಯಲ್ಲಿ ಓದಿದವರು. ಒಬ್ಬರು 24ನೆಯ ವಯಸ್ಸಿನಲ್ಲಿ, ಬಡರೋಗಿಗಳ ಸೇವೆಯ ನಡುವೆಯೇ ದೇವರ ಮನೆಗೆ ಹೋದರು. ಇನ್ನೊಬ್ಬರು ಕಾರ್ಖಾನೆಯ ಬಾಗಿಲಿನ ಮೂಲಕ ನಡೆದು, ಬಲು ಸುತ್ತಿನ ದಾರಿಯಲ್ಲಿ ಧರ್ಮಸಭೆಯ ಬಾಗಿಲಿಗೆ ಬಂದರು. ದೇವರು ಒಂದೇ ಊರಿನ ಸೀಮೆಯಿಂದ ಇಬ್ಬರನ್ನು ಎಷ್ಟು ಬೇರೆ ಬೇರೆ ರೀತಿಯಲ್ಲಿ ಕರೆಯುತ್ತಾನೆ ನೋಡಿರಿ!

ಆದ್ರಿಯಾನೊ ಅವರಿಗೆ 13 ವರ್ಷವಾದಾಗ, 1914ರ ಆಗಸ್ಟ್ ತಿಂಗಳಲ್ಲಿ, ತಂದೆ ಅವರನ್ನು ಕಾರ್ಖಾನೆಯ ಕೆಲಸಕ್ಕೆ ಕಳುಹಿಸಿದರು. ಒಡೆಯನ ಮಗನೆಂಬ ಯಾವ ರಿಯಾಯಿತಿಯೂ ಇರಲಿಲ್ಲ. ಮಂಕು ಬೆಳಕಿನ ಹಳೆಯ ಕೋಣೆಯಲ್ಲಿ ಒಂದೇ ಬಗೆಯ ಕೆಲಸವನ್ನು ಗಂಟೆಗಟ್ಟಲೆ ಮಾಡುವುದು ಮನಸ್ಸಿಗೆ ಎಂಥ ಸೆರೆಮನೆಯೆಂದು ಆ ಬಾಲಕನು ಅಂದೇ ಅರಿತನು. ಆ ಬಗೆಯ ದುಡಿಮೆಯ ಮೇಲೆ ತಮಗೆ ಹುಟ್ಟಿದ ಬೇಸರವನ್ನು ಅವರು ಮುಂದೆ ದೊಡ್ಡವರಾದ ಮೇಲೂ ಮುಚ್ಚಿಡಲಿಲ್ಲ. ಬಹುಕಾಲ ತಂದೆಯ ಕಾರ್ಖಾನೆಗೆ ಸೇರುವ ಮನಸ್ಸೇ ಅವರಿಗಿರಲಿಲ್ಲ. 1924ರಲ್ಲಿ ಎಂಜಿನಿಯರಿಂಗ್ ಪದವಿ ಪಡೆದು ಕೊನೆಗೂ ಸೇರಿದಾಗ, ಮತ್ತೆ ಸಾಮಾನ್ಯ ಕೆಲಸಗಾರನ ಜಾಗದಿಂದಲೇ ಆರಂಭಿಸಬೇಕಾಯಿತು. ಮರುವರ್ಷ ಅಮೇರಿಕೆಗೆ ಹೋಗಿ ಅಲ್ಲಿನ ದೊಡ್ಡ ಕಾರ್ಖಾನೆಗಳನ್ನು ಸುತ್ತಿ ಬಂದರು. ಹೆಚ್ಚು ಯಂತ್ರಗಳನ್ನು ಬೇಗ ತಯಾರಿಸುವ ವಿಧಾನವನ್ನು ಕಲಿತು ಬಂದ ಮಗನಿಗೆ ತಂದೆ ಹೇಳಿದ ಮಾತಿನ ಸಾರವಿಷ್ಟು: ಏನು ಬೇಕಾದರೂ ಬದಲಾಯಿಸು, ಆದರೆ ಹೊಸ ವಿಧಾನದ ನೆಪದಲ್ಲಿ ಒಬ್ಬ ಕೆಲಸಗಾರನನ್ನೂ ಹೊರಗೆ ಹಾಕಬೇಡ, ತನ್ನದಲ್ಲದ ತಪ್ಪಿಗೆ ಕೆಲಸ ಕಳೆದುಕೊಳ್ಳುವುದು ದುಡಿಯುವವನಿಗೆ ಬರುವ ಕೇಡುಗಳಲ್ಲೆಲ್ಲ ಘೋರವಾದದ್ದು.

ಈ ಮಾತನ್ನು ಆದ್ರಿಯಾನೊ ಅವರು ಆಸ್ತಿಗಿಂತ ಹೆಚ್ಚಿನ ಪಿತ್ರಾರ್ಜಿತವೆಂದು ಕಾಪಾಡಿಕೊಂಡರು. 1938ರಲ್ಲಿ ಅವರು ಸಂಸ್ಥೆಯ ಅಧ್ಯಕ್ಷರಾದರು. ಎರಡನೆಯ ಮಹಾಯುದ್ಧದ ತರುವಾಯ ಸಂಸ್ಥೆಯು ವೇಗವಾಗಿ ಬೆಳೆಯಿತು. 1950ರಲ್ಲಿ ಹೊರಬಂದ 'ಲೆತ್ತೆರಾ 22' ಎಂಬ ಕೈಯಲ್ಲಿ ಹಿಡಿದು ಒಯ್ಯಬಹುದಾದ ಬೆರಳಚ್ಚು ಯಂತ್ರವು ಪತ್ರಕರ್ತರ, ಬರಹಗಾರರ ಅಚ್ಚುಮೆಚ್ಚಿನದಾಗಿ ದೇಶದೇಶಗಳಿಗೆ ಹೋಯಿತು. ಆದರೆ 1952ರ ಸುಮಾರಿಗೆ ಮಾರಾಟವಾಗದ ಯಂತ್ರಗಳು ಉಗ್ರಾಣದಲ್ಲಿ ರಾಶಿ ಬಿದ್ದವು. ಕೆಲಸಗಾರರನ್ನು ಕಡಿಮೆ ಮಾಡಬೇಕೆಂಬ ಸಲಹೆ ಬಂದಿತು. ಲೆಕ್ಕದ ಪುಸ್ತಕವೂ ಅದನ್ನೇ ಹೇಳುತ್ತಿತ್ತು. ಅವರು ಆ ಸಲಹೆಯನ್ನು ಒಪ್ಪದೆ, ಯಂತ್ರಗಳ ಬೆಲೆಯನ್ನು ಇಳಿಸಿ, ಮಾರಾಟಗಾರರನ್ನು ಹೊಸದಾಗಿ ನೇಮಿಸಿ, ಹೊಸ ಶಾಖೆಗಳನ್ನು ತೆರೆದರು. ಸರಕು ಖರ್ಚಾಯಿತು, ಕೆಲಸಗಾರರ ಅನ್ನವೂ ಉಳಿಯಿತು. ಕರುಣೆಯಿರುವವನಿಗೆ ವ್ಯಾಪಾರ ಬಾರದು ಎನ್ನುವವರಿಗೆ ಇದು ಉತ್ತರ. ಇಲ್ಲಿ ಕರುಣೆಯೇ ಬುದ್ಧಿಯನ್ನು ಚುರುಕುಗೊಳಿಸಿತು.

ಬಾಲ್ಯದಲ್ಲಿ ಕಂಡ ಆ ಮಂಕು ಕೋಣೆಯನ್ನು ಅವರು ಮರೆಯಲಿಲ್ಲ. ಹಳೆಯ ಇಟ್ಟಿಗೆ ಕಟ್ಟಡದ ಪಕ್ಕದಲ್ಲಿ, ಫಿಜಿನಿ ಮತ್ತು ಪೊಲ್ಲಿನಿ ಎಂಬ ವಾಸ್ತುಶಿಲ್ಪಿಗಳಿಂದ, ಉದ್ದಕ್ಕೂ ಗಾಜಿನ ಗೋಡೆಗಳಿರುವ ಕಾರ್ಖಾನೆಯನ್ನು ಕಟ್ಟಿಸಿದರು. ಒಳಗೆ ದುಡಿಯುವವನಿಗೆ ಹಗಲಿನ ಬೆಳಕೂ ಹೊರಗಿನ ಬೆಟ್ಟವೂ ಕಾಣುವಂತಾಯಿತು. ಊಟದ ಶಾಲೆ, ವೈದ್ಯಶಾಲೆ, ಗ್ರಂಥಾಲಯ, ತಾಯಂದಿರ ಎಳೆಯ ಮಕ್ಕಳಿಗೆ ಶಿಶುವಿಹಾರ ಇವೆಲ್ಲವೂ ಬೆಳೆದವು. ಹೆರಿಗೆಗೆ ಹೋಗುವ ಸ್ತ್ರೀಯರಿಗೆ ಸಂಬಳದ ಬಹುಭಾಗದೊಡನೆ ಒಂಬತ್ತು ತಿಂಗಳಿಗೂ ಮಿಕ್ಕ ರಜೆ ದೊರೆಯುತ್ತಿತ್ತು. 1957ರಲ್ಲಿ ವಾರದ ದುಡಿಮೆಯನ್ನು 48 ಗಂಟೆಗಳಿಂದ 45ಕ್ಕೆ, ಸಂಬಳವನ್ನು ಕಡಿತಗೊಳಿಸದೆ, ಇಳಿಸಲಾಯಿತು. ಇವುಗಳನ್ನು ಅವರು ದಾನವೆಂದು ಕರೆಯಲಿಲ್ಲ. ಕಾರ್ಖಾನೆಯು ಊರಿನಿಂದ ಪಡೆದದ್ದನ್ನು ಊರಿಗೆ ಹಿಂದಿರುಗಿಸುವುದು ಋಣ ತೀರಿಸಿದಂತೆ ಎಂಬುದು ಅವರ ಭಾವನೆ. ದಾನಕ್ಕೂ ನ್ಯಾಯಕ್ಕೂ ಇರುವ ಅಂತರವನ್ನು ಅರಿಯದವರು ನಮ್ಮಲ್ಲಿಯೂ ಇದ್ದಾರೆ. ಆಳಿಗೆ ಸಲ್ಲಬೇಕಾದ ಕೂಲಿಯಲ್ಲಿ ಹಿಡಿದುಕೊಂಡು, ಅದೇ ಹಣದಿಂದ ದೇವಾಲಯಕ್ಕೆ ಬೆಳ್ಳಿಯ ದೀಪಸ್ತಂಭ ಕೊಟ್ಟರೆ ದೇವರು ಮೆಚ್ಚುವನೇ?

1955ರ ಏಪ್ರಿಲ್ 23ರಂದು ದಕ್ಷಿಣದ ನೇಪಲ್ಸ್ ನಗರದ ಬಳಿ, ಪೊತ್ಸುವೊಲಿ ಎಂಬ ಕಡಲತಡಿಯ ಊರಿನಲ್ಲಿ, ಅವರು ಹೊಸ ಕಾರ್ಖಾನೆಯನ್ನು ಉದ್ಘಾಟಿಸಿದರು. ಬಡತನ, ನಿರುದ್ಯೋಗಗಳಿಂದ ನಲುಗಿದ ಸೀಮೆ ಅದು. ಅಲ್ಲಿ ಕೂಡಿದ ಕೆಲಸಗಾರರ ಮುಂದೆ ಅವರು ಎತ್ತಿದ ಪ್ರಶ್ನೆ ಇಂದಿಗೂ ಪ್ರಸಿದ್ಧವಾಗಿದೆ: ಉದ್ಯಮಕ್ಕೆ ಲಾಭದ ಅಂಕಿಯ ಆಚೆಗೆ ಒಂದು ಗುರಿ ಇರಬಲ್ಲುದೇ? ಸಹೋದರರೇ, ಈ ಸಂಜೆಯ ನಮ್ಮ ಮಾತಿಗೆಲ್ಲ ಇದೇ ತಿರುಳು. ಗಳಿಸುವುದು ತಪ್ಪಲ್ಲ, ಗಳಿಕೆಗೆ ಗುರಿಯಿಲ್ಲದಿರುವುದು ತಪ್ಪು. ಈ ಕಾರ್ಖಾನೆಯ ಬಾಗಿಲಿಗೆ ಕೆಲಸ ಕೇಳಿಕೊಂಡು ಬಂದವರೆಲ್ಲರಿಗೂ ಕೆಲಸ ಕೊಡಲಾಗಲಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿ ಕೆಲಸಗಾರರನ್ನು ಆರಿಸುವ ಹೊಣೆ ಹೊತ್ತಿದ್ದ ಒತ್ತಿಯೆರೊ ಒತ್ತಿಯೆರಿ ಎಂಬ ಸಾಹಿತಿಯು ಆ ಸಂಕಟವನ್ನೇ ವಸ್ತುವಾಗಿಸಿಕೊಂಡು 1959ರಲ್ಲಿ ಕಾದಂಬರಿಯೊಂದನ್ನು ಪ್ರಕಟಿಸಿದರು. ಒಂದು ಒಳ್ಳೆಯ ಕಾರ್ಖಾನೆಯಿಂದ ಒಂದು ನಾಡಿನ ಹಸಿವು ಹಿಂಗುವುದಿಲ್ಲ. ಆದ್ದರಿಂದಲೇ ಆದ್ರಿಯಾನೊ ಅವರ ಚಿಂತನೆ ಕಾರ್ಖಾನೆಯ ಗೋಡೆಗಳನ್ನು ದಾಟಿ ಊರಿನ ಆಡಳಿತದತ್ತ ಹೊರಳಿತು.

ಈ ಹೊರಳುವಿಕೆ ಒಂದು ದಿನದಲ್ಲಿ ಆದುದಲ್ಲ. ಇಟಲಿಯಲ್ಲಿ ಮುಸ್ಸೊಲಿನಿಯ ಫ್ಯಾಸಿಸ್ಟ್ ಆಡಳಿತವು ಬಾಯಿ ಕಟ್ಟಿದ್ದ ಕಾಲದಲ್ಲಿ, 1926ರಲ್ಲಿ, ಫಿಲಿಪ್ಪೊ ತುರಾತಿ ಎಂಬ ವೃದ್ಧ ವಿರೋಧಿ ನಾಯಕರು ದೇಶದಿಂದ ತಪ್ಪಿಸಿಕೊಂಡು ಹೋಗಲು ನೆರವಾದವರಲ್ಲಿ ಯುವಕರಾದ ಆದ್ರಿಯಾನೊ ಒಬ್ಬರು. 1943ರ ಜುಲೈ ತಿಂಗಳಲ್ಲಿ ಅವರು ಬಂಧಿತರಾಗಿ ರೋಮ್ ನಗರದ ರೆಜಿನಾ ಚೇಲಿ ಸೆರೆಮನೆಯನ್ನು ಕಂಡರು. ಅದೇ ವರ್ಷ ಜರ್ಮನ್ ಸೇನೆ ಇಟಲಿಯನ್ನು ಆಕ್ರಮಿಸಿದಾಗ, ಯೆಹೂದ್ಯರಾದ ಕಮಿಲ್ಲೊ ಅವರು 75ರ ಇಳಿವಯಸ್ಸಿನಲ್ಲಿ ತಲೆಮರೆಸಿಕೊಂಡು ತಿರುಗಬೇಕಾಯಿತು. ಡಿಸೆಂಬರ್ ತಿಂಗಳಲ್ಲಿ ಬಿಯೆಲ್ಲಾ ಎಂಬ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಮಗನು 1944ರ ಆರಂಭದಲ್ಲಿ ಸ್ವಿಟ್ಜರ್ಲೆಂಡಿಗೆ ಪಾರಾದರು. ಆ ವನವಾಸದಲ್ಲಿ ಅವರು ರೂಪಿಸಿದ ಗ್ರಂಥವೇ 'ಸಮುದಾಯಗಳ ರಾಜಕೀಯ ವ್ಯವಸ್ಥೆ'; ಅದು 1945ರಲ್ಲಿ ಪ್ರಕಟವಾಯಿತು.

ಆ ಗ್ರಂಥದ ಸಾರವನ್ನು ಸರಳವಾಗಿ ಹೇಳುವುದಾದರೆ ಹೀಗೆ. ದೊಡ್ಡ ರಾಷ್ಟ್ರದಲ್ಲಿ ಸಾಮಾನ್ಯನು ಕಳೆದುಹೋಗುತ್ತಾನೆ. ತೀರ ಸಣ್ಣ ಹಳ್ಳಿಗೆ ತನ್ನ ಕೆಲಸ ತಾನೇ ಮಾಡಿಕೊಳ್ಳುವ ಶಕ್ತಿಯಿಲ್ಲ. ಆದ್ದರಿಂದ ಸುಮಾರು 1 ಲಕ್ಷ ಜನರ ಪ್ರದೇಶವೊಂದು, ಅದರ ಕಾರ್ಖಾನೆ, ಹೊಲ, ಶಾಲೆ, ಆಸ್ಪತ್ರೆಗಳೊಡನೆ, ಒಂದು ಸಮುದಾಯವಾಗಿ ತನ್ನನ್ನು ತಾನು ಆಳಿಕೊಳ್ಳಬೇಕು. ಅಂಥ ಸಮುದಾಯಗಳ ಮೇಲೆ ರಾಷ್ಟ್ರ ನಿಲ್ಲಬೇಕು. ಗುರುಮಠದಲ್ಲಿ ಧರ್ಮಸಭೆಯ ಸಾಮಾಜಿಕ ಬೋಧನೆಯನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಜಗದ್ಗುರು ಹನ್ನೊಂದನೆಯ ಪಯಸ್ ಅವರು 1931ರ ತಮ್ಮ ವಿಶ್ವಪತ್ರದಲ್ಲಿ, ಸಣ್ಣ ಸಮುದಾಯವು ತಾನೇ ಮಾಡಬಲ್ಲ ಕೆಲಸವನ್ನು ದೊಡ್ಡ ಅಧಿಕಾರವು ಕಸಿದುಕೊಳ್ಳುವುದು ಅನ್ಯಾಯವೆಂದು ಬೋಧಿಸಿದ್ದರು. ಆದ್ರಿಯಾನೊ ಅವರ ಮೇಲೆ ಪ್ರಭಾವ ಬೀರಿದ ಚಿಂತಕರಲ್ಲಿ ಫ್ರಾನ್ಸ್ ದೇಶದ ಕಥೋಲಿಕರಾದ ಎಮಾನ್ಯುಯೆಲ್ ಮೂನಿಯೆ, ಝಾಕ್ ಮರಿತೆನ್ ಇವರು ಮುಖ್ಯರು. ತಾನೇ ಕಾರ್ಖಾನೆಯಲ್ಲಿ ದುಡಿದು ದುಡಿಮೆಗಾರರ ಬವಣೆಯನ್ನು ಬರೆದ ಸಿಮೋನ್ ವೇಯ್ ಎಂಬಾಕೆಯ ಕೃತಿಗಳನ್ನು ಇಟಾಲಿಯನ್ ಭಾಷೆಯಲ್ಲಿ ಹೊರತಂದದ್ದು ಇವರ ಪ್ರಕಾಶನವೇ. ಹೀಗೆ ಓದಿ, ಚಿಂತಿಸಿ, ಕೊನೆಗೆ 1949ರಲ್ಲಿ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು.

1947ರಲ್ಲಿ ಅವರು 'ಕೊಮುನಿತಾ', ಅಂದರೆ 'ಸಮುದಾಯ', ಎಂಬ ಚಳವಳಿಯನ್ನು ಸ್ಥಾಪಿಸಿದರು. ಅದರ ಚಿಹ್ನೆ ಯಾವುದು ಗೊತ್ತೇ? ಒಂದು ಗಂಟೆ! ಅದರ ಸುತ್ತ 'ಹುಮಾನಾ ಚಿವಿಲಿತಾಸ್' ಎಂಬ ಲತೀನ್ ಪದಗಳು. ಮಾನವೀಯವಾದ ನಾಗರಿಕ ಬಾಳು ಎಂದು ಅದರ ಅರ್ಥ. ನೂರು ವರ್ಷಗಳಿಂದ ನಮ್ಮ ಗಂಟೆಗೋಪುರದಿಂದ ಮೊಳಗುತ್ತಿರುವ ಗಂಟೆಯನ್ನು ನೆನೆದುಕೊಳ್ಳಿರಿ. ಅದು ಸಿರಿವಂತನಿಗೊಂದು, ಬಡವನಿಗೊಂದು ಎಂದು ಬೇರೆ ಬೇರೆಯಾಗಿ ಬಾರಿಸುವುದಿಲ್ಲ. ಮದುವೆಗೂ ಮರಣಕ್ಕೂ ಊರನ್ನೆಲ್ಲ ಕರೆಯುತ್ತದೆ. ಉದ್ಯಮಿಯೊಬ್ಬನು ತನ್ನ ರಾಜಕೀಯ ಚಿಹ್ನೆಯಾಗಿ ಯಂತ್ರದ ಗಾಲಿಯನ್ನಾಗಲಿ, ಸುತ್ತಿಗೆಯನ್ನಾಗಲಿ ಆರಿಸದೆ ಗಂಟೆಯನ್ನು ಆರಿಸಿದನೆಂಬುದು ಚಿಂತಿಸತಕ್ಕ ಸಂಗತಿ.

1956ರ ಪುರಸಭಾ ಚುನಾವಣೆಯಲ್ಲಿ ಕನವೇಸೆ ಸೀಮೆಯ 32 ಊರುಗಳ ಆಡಳಿತ ಈ ಚಳವಳಿಯ ಕೈಗೆ ಬಂದಿತು. ಆದ್ರಿಯಾನೊ ಅವರು ಇವ್ರೇಯಾ ನಗರದ ಮೇಯರ್ ಆದರು. ಜಗತ್ತಿನ ದೊಡ್ಡ ಪಟ್ಟಣಗಳಲ್ಲೆಲ್ಲ ಶಾಖೆಗಳಿದ್ದ ಸಂಸ್ಥೆಯ ಅಧ್ಯಕ್ಷರು ಚರಂಡಿ, ರಸ್ತೆ, ಶಾಲೆಯ ಕೋಣೆಗಳ ವಿಚಾರವಾಗಿ ಸಣ್ಣ ಊರಿನ ಸಭೆಯಲ್ಲಿ ಕುಳಿತರು! ಅನೇಕರಿಗೆ ಇದು ಹುಚ್ಚೆಂದು ತೋರಿರಬಹುದು. ಅವರಿಗೆ ಇದು ಇಳಿಯುವಿಕೆಯಾಗಿರಲಿಲ್ಲ. ಊರು ಯೋಜನೆಯಿಲ್ಲದೆ ಬೆಳೆದರೆ ಅದರ ಕಷ್ಟವೆಲ್ಲ ಬಡವನ ಮನೆಬಾಗಿಲಿಗೇ ಬರುತ್ತದೆಂದು ಅವರು ಬಲ್ಲವರಾಗಿದ್ದರು. 1950ರಿಂದಲೇ ಇಟಲಿಯ ರಾಷ್ಟ್ರೀಯ ನಗರಯೋಜನಾ ಸಂಸ್ಥೆಯ ಅಧ್ಯಕ್ಷತೆಯನ್ನೂ ಅವರು ಹೊತ್ತಿದ್ದರು. ಹಳ್ಳಿಯ ರೈತನು ಕಾರ್ಖಾನೆಯ ಕೆಲಸಕ್ಕಾಗಿ ತನ್ನ ಹೊಲಮನೆಗಳನ್ನು ಬಿಟ್ಟು ನಗರದ ಇಕ್ಕಟ್ಟಿನಲ್ಲಿ ನೆಲೆಸುವಂತಾಗಬಾರದೆಂದು, ಹಳ್ಳಿಗಳಿಂದ ಬಸ್ಸುಗಳನ್ನು ಓಡಿಸಲಾಯಿತು. ಹಳ್ಳಿಗಳಲ್ಲಿಯೇ ಸಣ್ಣ ಕೈಗಾರಿಕೆ, ಕೃಷಿ ಸಹಕಾರಗಳನ್ನು ಬೆಳೆಸಲು ಒಂದು ಸಂಸ್ಥೆಯನ್ನೇ ಕಟ್ಟಲಾಯಿತು. ಹತ್ತಾರು ಹಳ್ಳಿಗಳಲ್ಲಿ ಸಮುದಾಯ ಕೇಂದ್ರಗಳು ತೆರೆದು, ಸಂಜೆಯ ಹೊತ್ತು ರೈತನೂ ಕೆಲಸಗಾರನೂ ಪುಸ್ತಕ ಓದುವ, ಊರಿನ ವಿಚಾರ ಚರ್ಚಿಸುವ ಜಾಗಗಳಾದವು.

ಇಲ್ಲಿ ಒಂದು ಕಠಿಣವಾದ ಪ್ರಶ್ನೆಯನ್ನು ನಾವು ಎತ್ತಲೇಬೇಕು. ಊರಿನ ಬಹುಪಾಲು ಜನರಿಗೆ ಅನ್ನ ಕೊಡುವ ಕಾರ್ಖಾನೆಯ ಒಡೆಯನೇ ಊರಿನ ಮೇಯರನೂ ಆದರೆ, ಜನರು ಸ್ವತಂತ್ರವಾಗಿ ಮತ ನೀಡಬಲ್ಲರೇ? ಒಡೆಯನ ವಿರುದ್ಧ ಎದ್ದುನಿಂತು ಮಾತನಾಡಬಲ್ಲರೇ? ಇದನ್ನು ಅಂದಿನ ಕಾರ್ಮಿಕ ಸಂಘಗಳೂ ರಾಜಕೀಯ ಪಕ್ಷಗಳೂ ಕೇಳಿದವು. ಇದು ತಂದೆಯು ಮಕ್ಕಳನ್ನು ಸಾಕುವಂತೆ ವಯಸ್ಕರನ್ನು ಸಾಕುವ ಒಡೆತನ ಎಂದು ಟೀಕಿಸಿದವರೂ ಇದ್ದರು. ಈ ಟೀಕೆಯನ್ನು ಅಸೂಯೆಯೆಂದು ತಳ್ಳಿಹಾಕುವುದು ಸರಿಯಲ್ಲ. ಒಡೆಯನು ಒಳ್ಳೆಯವನಾದಷ್ಟೂ ಈ ಅಪಾಯವು ಕಣ್ಣಿಗೆ ಕಾಣದೆ ಹೋಗುತ್ತದೆ. ಉಪಕಾರವು ಕೂಡ ಒಂದು ಬಗೆಯ ಹಗ್ಗವಾಗಬಲ್ಲುದು. ಆದ್ರಿಯಾನೊ ಅವರ ಚಿಂತನೆಯಲ್ಲಿ ಇದಕ್ಕೆ ಉತ್ತರವಿತ್ತು: ಕಾರ್ಖಾನೆಯು ಕಾಲಕ್ರಮದಲ್ಲಿ ಒಬ್ಬನ ಆಸ್ತಿಯಾಗಿರದೆ, ಊರು, ಕೆಲಸಗಾರರು, ವಿದ್ಯಾಸಂಸ್ಥೆಗಳು ಸೇರಿ ನಡೆಸುವ ಸ್ವತ್ತಾಗಬೇಕೆಂದು ಅವರು ಬರೆದಿದ್ದರು. ಆದರೆ ಅದು ಕಾಗದದ ಮೇಲೆಯೇ ಉಳಿಯಿತು.

1958ರ ರಾಷ್ಟ್ರೀಯ ಚುನಾವಣೆಯಲ್ಲಿ ಚಳವಳಿಯು ಇಟಲಿಯ ಸಂಸತ್ತಿಗೆ ಸ್ಪರ್ಧಿಸಿತು. ಗೆದ್ದದ್ದು ಒಂದೇ ಸ್ಥಾನ, ಅವರದೇ. ಮೇಯರ್ ಹುದ್ದೆಯ ಅವಧಿಯೂ ಎರಡು ವರ್ಷಗಳಿಗೇ ಮುಗಿದಿತ್ತು. 'ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು' ಎಂಬ ಗಾದೆಯನ್ನು ಇಲ್ಲಿ ನೆನೆಯುವವರಿರಬಹುದು. ಆದರೆ ಜನರನ್ನು ದೂರುವುದರಿಂದ ಪ್ರಯೋಜನವಿಲ್ಲ. ತನ್ನ ಸೀಮೆಯಲ್ಲಿ ಕೈಯಿಂದ ಮಾಡಿ ತೋರಿಸಿದ್ದನ್ನು, ಕಾಣದ ಊರಿನವರಿಗೆ ಬರಿಯ ಮಾತಿನಿಂದ ಒಪ್ಪಿಸುವುದು ಕಷ್ಟ. 1959ರಲ್ಲಿ ಅವರು ಸಂಸತ್ತಿನ ಸ್ಥಾನವನ್ನು ಬಿಟ್ಟುಕೊಟ್ಟರು. ಅವರ ಜಾಗಕ್ಕೆ ಸಮಾಜಶಾಸ್ತ್ರಜ್ಞರಾದ ಫ್ರಾಂಕೊ ಫೆರ್ರರೊತ್ತಿ ಬಂದರು. ಅದೇ ವರ್ಷ ಅವರ ಸಂಸ್ಥೆಯು ಅಮೇರಿಕದ ಅಂಡರ್‌ವುಡ್ ಎಂಬ ಹೆಸರಾಂತ ಬೆರಳಚ್ಚು ಯಂತ್ರ ಸಂಸ್ಥೆಯನ್ನು ಕೊಂಡಿತು. ಟ್ರಾನ್ಸಿಸ್ಟರುಗಳಿಂದ ನಡೆಯುವ 'ಎಲೆಯಾ 9003' ಎಂಬ ದೊಡ್ಡ ಗಣಕಯಂತ್ರವನ್ನೂ ಹೊರತಂದಿತು.

ಬಯಕೆಗಳು ಹೀಗೆ ಬೆಳೆಯುತ್ತಿದ್ದಾಗಲೇ ಕರೆ ಬಂದಿತು. 1960ರ ಫೆಬ್ರವರಿ 27ರ ಶನಿವಾರ, ಮಿಲಾನ್ ನಗರದಿಂದ ಸ್ವಿಟ್ಜರ್ಲೆಂಡಿನ ಲೊಸಾನ್ ನಗರಕ್ಕೆ ಹೋಗುತ್ತಿದ್ದ ರೈಲಿನಲ್ಲಿ ಅವರು ಹಠಾತ್ತನೆ ತೀರಿಕೊಂಡರು. ವಯಸ್ಸು 58. ಆ ವರ್ಷದ ವಿಭೂತಿ ಬುಧವಾರಕ್ಕೆ ನಾಲ್ಕೇ ದಿನಗಳಿದ್ದವು. ಇವ್ರೇಯಾ ನಗರದಲ್ಲಿ, ಇಟಲಿಯಲ್ಲೆಲ್ಲ ಹೆಸರಾದ ಅದರ ಕಾರ್ನಿವಲ್ ಹಬ್ಬದ ದಿನಗಳವು. ಮನುಷ್ಯನು ಮಣ್ಣೆಂಬುದನ್ನು ನೆನಪಿಸುವ ವಿಭೂತಿ ಆ ವರ್ಷ ಆ ಊರಿಗೆ ಮುಂಚಿತವಾಗಿಯೇ ಬಂದಿತೆನ್ನಬೇಕು.

ಮುಂದಿನ ಕಥೆಯನ್ನು ಚಿಕ್ಕದಾಗಿ ಹೇಳುತ್ತೇವೆ. ನಾಲ್ಕೇ ವರ್ಷಗಳಲ್ಲಿ, 1964ರಲ್ಲಿ, ಸಾಲದ ಭಾರದಿಂದಾಗಿ ಸಂಸ್ಥೆಯ ಹಿಡಿತ ದೊಡ್ಡ ಬಂಡವಾಳಗಾರರ ಕೂಟದ ಕೈಸೇರಿತು. ಗಣಕಯಂತ್ರದ ವಿಭಾಗವನ್ನು ಅಮೇರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಗೆ ಒಪ್ಪಿಸಲಾಯಿತು. ಚಳವಳಿಯೂ ಮೆಲ್ಲನೆ ಕರಗಿತು. ದಶಕಗಳು ಕಳೆದಂತೆ ಕಾರ್ಖಾನೆಯ ಗದ್ದಲವೂ ಅಡಗಿತು. 2018ರಲ್ಲಿ ಯುನೆಸ್ಕೊ ಸಂಸ್ಥೆಯು ಇವ್ರೇಯಾ ನಗರವನ್ನು 20ನೆಯ ಶತಮಾನದ ಕೈಗಾರಿಕಾ ನಗರವೆಂದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವವೇನೋ ದೊಡ್ಡದು. ಆದರೆ ಪರಂಪರೆಯ ಪಟ್ಟಿಯಲ್ಲಿ ಸೇರುವುದು ಕಟ್ಟಡ. ದುಡಿಮೆಯನ್ನು ಪೂಜ್ಯವೆಂದು ಕಂಡ ಆ ಮನೋಭಾವ ಪಟ್ಟಿಗಳಲ್ಲಿ ಉಳಿಯುವಂಥದಲ್ಲ. ಅದು ಮನುಷ್ಯರಿಂದ ಮನುಷ್ಯರಿಗೆ ದಾಟಬೇಕು.

ಪ್ರಿಯ ಬಂಧುಗಳೇ, ಈ ಜೀವನದಿಂದ ನಾವು ಮೂರು ಪಾಠಗಳನ್ನು ಮನೆಗೆ ಒಯ್ಯೋಣ.

ಮೊದಲನೆಯದು, ದುಡಿಮೆಯನ್ನು ಕುರಿತದ್ದು. ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರಲ್ಲಿ 'ರೇರುಂ ನೊವಾರುಂ' ಎಂಬ ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿಯು ದುಡಿಯುವವನ ಹಕ್ಕೆಂದು ಸಾರಿದರು. 2025ರಲ್ಲಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋ ಅವರು ಆ ಹೆಸರನ್ನು ತಾಳಿದ್ದಕ್ಕೆ ಇದೇ ಪತ್ರವನ್ನು ಮುಖ್ಯ ಕಾರಣವಾಗಿ ನೀಡಿದರು. ನಮ್ಮ ಕಾಲದಲ್ಲಿಯೂ ಹೊಸ ಯಂತ್ರಗಳು ಮನುಷ್ಯನ ಕೆಲಸಕ್ಕೆ ಸವಾಲಾಗಿ ನಿಂತಿವೆಯೆಂದು ಎಚ್ಚರಿಸಿದರು. ತಮ್ಮ ಅಂಗಡಿಯಲ್ಲಿ ಇಬ್ಬರೇ ಹುಡುಗರು ಇರಬಹುದು. ಮನೆಯಲ್ಲಿ ಒಬ್ಬಳೇ ಕೆಲಸದವಳು ಇರಬಹುದು. ಒಲಿವೆಟ್ಟಿಯವರ ಕಾರ್ಖಾನೆಗೆ ಅನ್ವಯಿಸಿದ ನ್ಯಾಯವೇ ಅಲ್ಲಿಗೂ ಅನ್ವಯಿಸುತ್ತದೆ. ಅವರು ಕುಳಿತು ಉಣ್ಣಲು ಜಾಗವಿದೆಯೇ? ಕಾಯಿಲೆ ಬಿದ್ದ ದಿನದ ಕೂಲಿ ಉಂಟೇ? ಭಾನುವಾರದ ಬಲಿಪೂಜೆಗೆ ಅವರಿಗೂ ಬಿಡುವುಂಟೇ? ಪಾಪನಿವೇದನೆಗೆ ಬರುವ ಮುನ್ನ ಈ ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಿರಿ.

ಎರಡನೆಯದು, ಸಾರ್ವಜನಿಕ ಹುದ್ದೆಯನ್ನು ಕುರಿತದ್ದು. 1965ರಲ್ಲಿ ಮುಕ್ತಾಯವಾದ ಎರಡನೆಯ ವ್ಯಾಟಿಕನ್ ಮಹಾಸಭೆಯು, ಲೋಕದ ವ್ಯವಹಾರಗಳನ್ನು ದೇವರ ಚಿತ್ತಕ್ಕೆ ಅನುಗುಣವಾಗಿ ನಡೆಸುವುದು ಶ್ರೀಸಾಮಾನ್ಯರ ವಿಶೇಷ ಕರೆಯೆಂದು ಬೋಧಿಸಿತು. ನಮ್ಮ ದೇಶದಲ್ಲಿ 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ನಗರದ ಸ್ಥಳೀಯ ಸಂಸ್ಥೆಗಳಿಗೆ ಸಂವಿಧಾನದ ಮಾನ್ಯತೆ ನೀಡಿ, ಮೂರರಲ್ಲಿ ಒಂದು ಪಾಲಿಗೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿರಿಸಿದೆ. ಬಾಗಿಲು ತೆರೆದೇ ಇದೆ. ಕೆಸರೆಂದು ದೂರ ನಿಲ್ಲುವವರಿಗೆ ನಮ್ಮದೊಂದು ಮಾತು. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಹೊಲದ ಕೆಲಸಕ್ಕೆ ಮಾತ್ರವಲ್ಲ, ಊರಿನ ಕೆಲಸಕ್ಕೂ ಸಲ್ಲುವ ಗಾದೆ. ಮೊಸರು ತನ್ನ ಬಾಯಿಗಲ್ಲ, ಊರಿನ ಮಕ್ಕಳ ಬಾಯಿಗೆ ಎಂಬುದೊಂದೇ ವ್ಯತ್ಯಾಸ. ಹುದ್ದೆಯಿಂದ ಗಳಿಸಲು ಹೋಗುವವರು ಬಹಳ. ಗಳಿಸಿದ್ದನ್ನೂ ಕಲಿತದ್ದನ್ನೂ ಹುದ್ದೆಗೆ ತರುವವರು ವಿರಳ. ಆ ವಿರಳರಲ್ಲಿ ನಮ್ಮ ಧರ್ಮಕೇಂದ್ರದವರೂ ಇರಲಿ.

ಮೂರನೆಯದು, ಇವೆಲ್ಲಕ್ಕಿಂತ ಕಠಿಣವಾದದ್ದು. ಸತ್ಕಾರ್ಯವು ಒಬ್ಬನ ಹೆಗಲ ಮೇಲೆ ನಿಂತರೆ, ಆ ಹೆಗಲು ಕುಸಿದ ದಿನ ಅದೂ ಕುಸಿಯುತ್ತದೆ. ಇವ್ರೇಯಾ ನಗರದಲ್ಲಿ ಆದದ್ದು ಇದೇ. ಸಮುದಾಯವನ್ನೇ ತಮ್ಮ ಧ್ಯೇಯವಾಗಿಸಿಕೊಂಡಿದ್ದ ಮಹನೀಯರಿಗೂ ತಮ್ಮ ನಂತರ ಆ ಭಾರವನ್ನು ಹೊರುವಷ್ಟು ಬಲವಾದ ಸಮುದಾಯವನ್ನು ಪೂರ್ತಿಯಾಗಿ ಕಟ್ಟಲು 58 ವರ್ಷಗಳು ಸಾಲಲಿಲ್ಲ. ನಮ್ಮ ಈ ದೇವಾಲಯವು ನೂರು ವರ್ಷ ನಿಂತದ್ದು ಒಬ್ಬ ದಾನಿಯಿಂದಲ್ಲ, ಒಬ್ಬ ಗುರುವಿನಿಂದಲೂ ಅಲ್ಲ. ಕಲ್ಲು ಹೊತ್ತವರು, ಹಿಡಿ ಅಕ್ಕಿ ಎತ್ತಿಟ್ಟವರು, ಸಂಜೆ ಜಪಸರ ಹೇಳಿಸಿದವರು, ಮಕ್ಕಳಿಗೆ ಜ್ಞಾನೋಪದೇಶ ಕಲಿಸಿದವರು, ಇವರಲ್ಲಿ ಬಹುಮಂದಿಯ ಹೆಸರು ಯಾವ ಫಲಕದ ಮೇಲೆಯೂ ಇಲ್ಲ. ಒಬ್ಬರು ಕೈಬಿಟ್ಟಾಗ ಇನ್ನೊಬ್ಬರು ಹಿಡಿದರು. ಮುಂದಿನ ನೂರು ವರ್ಷಗಳಿಗೂ ಬೇರೆ ದಾರಿಯಿಲ್ಲ. ಸಿರಿವಂತರೇ, ಕೊಡಿರಿ, ಆದರೆ ತಮ್ಮ ಕೊಡುಗೆಯಿಂದ ಇತರರು ತಲೆತಗ್ಗಿಸುವಂತೆ ಕೊಡಬೇಡಿರಿ. ಬಡವರೇ, ಸ್ವೀಕರಿಸಿರಿ, ಆದರೆ ಸಭೆಯಲ್ಲಿ ಎದ್ದು ಮಾತನಾಡುವ ಹಕ್ಕನ್ನು ಯಾರ ಉಪಕಾರಕ್ಕೂ ಒತ್ತೆಯಿಡಬೇಡಿರಿ.

ಬಡಗಿಯ ಅಂಗಡಿಯಲ್ಲಿ ದುಡಿದು ದುಡಿಮೆಯನ್ನು ಪಾವನಗೊಳಿಸಿದ ಯೇಸುಸ್ವಾಮಿಯು ನಮ್ಮ ಕೈಗಳ ಕೆಲಸವನ್ನು ಹರಸಲಿ. ಅವರನ್ನು ಸಾಕಿ ಸಲಹಿದ ಸಂತ ಜೋಸೆಫರು ನಮ್ಮ ಅಂಗಡಿಗಳಿಗೂ ಕಾರ್ಖಾನೆಗಳಿಗೂ ಕಾವಲಾಗಿರಲಿ. ಅಧಿಕಾರದ ಪೀಠದಲ್ಲಿ ಕುಳಿತವರಿಗೆ ವಿವೇಕವನ್ನೂ, ದುಡಿಯುವವರಿಗೆ ನ್ಯಾಯವನ್ನೂ, ಕೆಲಸವಿಲ್ಲದವರಿಗೆ ಕೆಲಸವನ್ನೂ ದೇವರು ದಯಪಾಲಿಸಲಿ.

ದೇವರು ತಮ್ಮೆಲ್ಲರನ್ನೂ ಆಶೀರ್ವದಿಸಲಿ. ಆಮೆನ್.